ಹೌದು, ನಾನೇ

ಆಸ್ಪತ್ರೆಯಲ್ಲಿ ನನಗೆ ಚಿಲಕ ಮೇಡಂ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಾರೆ, ಹೃದ್ರೋಗದ ದೊಡ್ಡ ಡಾಕ್ಟರು ಕೂಡ. ಆಸ್ಪತ್ರೆಯ ಕಂಪ್ಯೂಟರುಗಳಿಗೂ ಅವನ್ನೆಲ್ಲ ಜೋಡಿಸಿರುವ ಜಾಲಕ್ಕೂ ಕಾವಲು ಕಾಯುವುದು ನನ್ನ ಕೆಲಸ. ಯಾರು ಒಳಗೆ ಬರಬಹುದು, ಬಂದವರು ಎಲ್ಲಿಯವರೆಗೆ ಹೋಗಬಹುದು, ತಾನು ಇಂಥವನು ಎನ್ನುವವನು ನಿಜಕ್ಕೂ ಅವನೇ ಹೌದೋ ಅಲ್ಲವೋ ಎಂದು ನೋಡುತ್ತಾ ಕೂರಬೇಕು. ಇಂಥ ಕೆಲಸದವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಎಲ್ಲ ಸರಿಯಾಗಿದ್ದಾಗ ಇವಳಿಗೆ ಸಂಬಳ ಯಾಕೆ ಕೊಡಬೇಕು ಎನ್ನುತ್ತಾರೆ, ಏನಾದರೂ ಕೆಟ್ಟಾಗಲೂ ಅದನ್ನೇ ಎನ್ನುತ್ತಾರೆ.

ಆ ಹೆಸರಿಟ್ಟವಳು ವರದಿ ವಿಭಾಗದ ಹುಡುಗಿ. ರಕ್ತಪರೀಕ್ಷೆಯ ವರದಿ, ಸ್ಕ್ಯಾನ್ ವರದಿ ಎಲ್ಲ ಅವಳ ಕೈಯಿಂದಲೇ ವಾರ್ಡುಗಳಿಗೆ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಕಳಿಸಿದರೆ ಸಾಕಾಗಿದ್ದರೂ, ನರ್ಸು ನೋಡಿದಳೋ ಇಲ್ಲವೋ ಎಂದು ಮೆಟ್ಟಿಲು ಹತ್ತಿ ಹೋಗಿ ಕೇಳಿ ಬರುತ್ತಿದ್ದಳು. ಒಂದು ಕಡೆ ಕೂತದ್ದನ್ನು ಯಾರೂ ಕಂಡವರಿಲ್ಲ. ಅದಕ್ಕೇ ಅವಳು ಎಲ್ಲರ ಬಾಯಲ್ಲೂ ಅಳಿಲು. ನಾನು ವರ್ಷಕ್ಕೊಮ್ಮೆ ಸಿಬ್ಬಂದಿಯನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ, ಒಂದೇ ಪಾಸ್‌ವರ್ಡನ್ನು ಎರಡು ಕಡೆ ಇಡಬೇಡಿ, ಯಾರೇ ಕೇಳಿದರೂ ಹೇಳಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಅಳಿಲು ಕಣ್ಣರಳಿಸಿಕೊಂಡು ಕೂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಒಮ್ಮೆ ಕೈಯೆತ್ತಿ, "ಮೇಡಂ, ನಿಮ್ಮನೇಲಿ ಅಡುಗೆಮನೆಗೆ ಹೋಗೋಕೂ ಪಾಸ್‌ವರ್ಡ್ ಇದೆಯಾ?" ಎಂದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಕೆಲಸದ ಜಾಗದಲ್ಲಿ ನಾನು ನಗುವುದು ಅಪರೂಪ.

ಒಂದು ರಜೆಯ ದಿನ ತಲೆನೋವೆಂದು ಮಲಗಿದವಳು ಏಳಲಿಲ್ಲ. ಮೆದುಳಿನ ರಕ್ತನಾಳ ಒಡೆದಿತ್ತಂತೆ. ನಮ್ಮ ಆಸ್ಪತ್ರೆಗೇ ತಂದರು. ಅವಳ ಸ್ಕ್ಯಾನ್ ವರದಿ ಅವಳದೇ ವಿಭಾಗಕ್ಕೆ ಬಂತು, ಅವಳ ಪಕ್ಕದ ಮೇಜಿನಲ್ಲಿ ಅಚ್ಚಾಯಿತು. ಅದನ್ನು ತೆಗೆದುಕೊಂಡು ಮೇಲೆ ಹೋದವನು ವಿಭಾಗದ ಮುಖ್ಯಸ್ಥ. ಆರಡಿ ಎತ್ತರದ ಆಳು, ಎಲ್ಲರೂ ದೊಡ್ಡಣ್ಣ ಎನ್ನುತ್ತಾರೆ. ವರದಿಯಲ್ಲಿ ಬರೆದದ್ದು ಅವನಿಗೆ ಅರ್ಥವಾಗಿತ್ತು. ಲಿಫ್ಟಿನವರೆಗೆ ಹೋಗಿ, ಅದರೊಳಗೆ ಕಾಲಿಡಲಾರದೆ ಗೋಡೆಗೊರಗಿ ನಿಂತಿದ್ದನಂತೆ. ಇಪ್ಪತ್ತೊಂಬತ್ತರ ಹುಡುಗಿ. ಮನೆಯಲ್ಲಿ ತಾಯಿ ಒಬ್ಬರೇ.

ಈಗ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಕೆಲಸ ಬಿಟ್ಟವರ ಕಂಪ್ಯೂಟರ್ ಖಾತೆಯನ್ನು ಬಿಟ್ಟ ದಿನವೇ ಮುಚ್ಚಬೇಕು. ರಾಜೀನಾಮೆ ಕೊಟ್ಟು ಹೋದರೂ ಅಷ್ಟೇ, ಜಗಳವಾಡಿ ಹೋದರೂ ಅಷ್ಟೇ, ಸತ್ತರೂ ಅಷ್ಟೇ. ಒಡೆಯರಿಲ್ಲದ ಖಾತೆ ಎಂದರೆ ಚಿಲಕ ಹಾಕದ ಹಿತ್ತಲ ಬಾಗಿಲು. ಆದರೆ ನಮ್ಮಲ್ಲಿ ಮುಚ್ಚುವ ಅಧಿಕಾರ ನನಗಿಲ್ಲ. ಸಿಬ್ಬಂದಿ ವಿಭಾಗ ಹೇಳಬೇಕು. ಅವರು ಹೇಳಬೇಕಾದರೆ ಲ್ಯಾಪ್‌ಟಾಪು, ಗುರುತಿನ ಚೀಟಿ, ಬೀರುವಿನ ಕೀಲಿ ಎಲ್ಲ ವಾಪಸು ಬಂದಿರಬೇಕು. ಬದುಕಿದ್ದವರು ಬೇರೆ ಕೆಲಸ ಸಿಕ್ಕಿತೆಂದು ತಾವೇ ತಂದು ಮೇಜಿನ ಮೇಲೆ ಬಿಸಾಕಿ ಹೋಗುತ್ತಾರೆ. ಸತ್ತವರ ಮನೆಗೆ ಹೋಗಿ ಕೇಳುವುದು ಯಾರು ಎಂದು ಆ ನಿಯಮ ಮಾಡಿದ ಪುಣ್ಯಾತ್ಮರು ಯೋಚಿಸಿರಲಿಲ್ಲ.

ಮೊದಲು ಹೋದವನು ದೊಡ್ಡಣ್ಣ. ಅಳಿಲಿನ ತಾಯಿ ಮನೆಯಲ್ಲೇ ಹೊಲಿಗೆ ಹಾಕುವವರು. ಬಾಗಿಲಲ್ಲಿ ನಿಂತವನನ್ನು ಕೂರಿಸಿ, ಟೀ ಕೊಟ್ಟು, ಅವನ ಪ್ಯಾಂಟಿನ ಅಂಚು ಬಿಚ್ಚಿ ಜೋತಾಡುತ್ತಿದ್ದುದನ್ನು ನೋಡಿದ್ದಾರೆ. ಒಂದು ಟವೆಲು ಕೊಟ್ಟು, ಪ್ಯಾಂಟು ಬಿಚ್ಚಿಸಿಕೊಂಡು, ಅಲ್ಲೇ ಅಂಚು ಹೊಲಿದು ಕಳಿಸಿದ್ದಾರೆ. ಲ್ಯಾಪ್‌ಟಾಪು ಕೇಳಲು ಹೋದ ಮನುಷ್ಯ ಹೊಸ ಅಂಚಿನ ಪ್ಯಾಂಟಿನಲ್ಲಿ ವಾಪಸು ಬಂದ. ಮುಂದಿನ ವಾರ ಅದೇ ವಿಭಾಗದ ಟೈಪಿಸ್ಟ್ ಹೋದಳು. ಆ ತಾಯಿ ಅವಳನ್ನು ನೋಡುತ್ತಲೇ ಅಳತೆಯ ಟೇಪು ತೆಗೆದರಂತೆ. ಅವಳು ಅಳತೆ ಕೊಟ್ಟು ಬಂದಳು. ಹೀಗೆ ಒಬ್ಬರಾದ ಮೇಲೆ ಒಬ್ಬರು ಹೋದರು, ಟೀ ಕುಡಿದರು, ಏನೋ ಒಂದನ್ನು ಹೊಲಿಸಿಕೊಂಡು ಬಂದರು. ಬಾಯಿಬಿಟ್ಟು ಕೇಳಿದವರು ಒಬ್ಬರೂ ಇಲ್ಲ. ನಾನು ನೆನಪೋಲೆ ಕಳಿಸಿದಾಗಲೆಲ್ಲ ದೊಡ್ಡಣ್ಣನಿಂದ ಒಂದೇ ಉತ್ತರ: ಮುಂದಿನ ವಾರ. ಕ್ಯಾಂಟೀನಿನಲ್ಲಿ ಒಂದು ದಿನ ಎಲ್ಲರೆದುರೇ ಅವನ ಮೇಲೆ ಎಗರಾಡಿದೆ. ಅವನು ತಟ್ಟೆ ನೋಡಿಕೊಂಡು ಕೂತಿದ್ದ. "ನೀವೇ ಹೋಗಿ ಮೇಡಂ, ನಿಮಗೆ ಗಟ್ಟಿ ಎದೆ," ಎಂದ. ನನಗೆ ಕೋಪ ಬಂತು. ನಾನೂ ಹೋಗಲಿಲ್ಲ. ಅದು ನನ್ನ ಕೆಲಸ ಅಲ್ಲ ಎಂದುಕೊಂಡೆ, ನಿಜಕ್ಕೂ ಅಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆಸ್ಪತ್ರೆಯಲ್ಲಿ ಒಂದು ವರದಿಯೂ ತೆರೆಯಲಿಲ್ಲ. ಯಾವುದನ್ನು ಒತ್ತಿದರೂ ಕಪ್ಪು ಪರದೆ, ಅದರ ಮೇಲೆ ಹಣ ಕೊಡಿ ಎಂಬ ಬೆದರಿಕೆ. ಯಾರೋ ಒಳಹೊಕ್ಕು ವರದಿಗಳಿಗೆಲ್ಲ ಬೀಗ ಜಡಿದು ಕೂತಿದ್ದರು. ಸ್ವಾಗತ ಕೌಂಟರಿನಿಂದ ಹಿಡಿದು ಶಸ್ತ್ರಚಿಕಿತ್ಸೆಯ ಕೋಣೆಯವರೆಗೆ ನಮ್ಮಲ್ಲಿ ಎಲ್ಲ ಒಂದೇ ಜಾಲ, ಒಂದೇ ಹಜಾರದಲ್ಲಿ ಸಾಲಾಗಿ ಮಲಗಿದ ಮನೆಯವರ ಹಾಗೆ. ಒಬ್ಬರಿಗೆ ನೆಗಡಿಯಾದರೆ ಎಲ್ಲರಿಗೂ. ವಿಭಾಗ ವಿಭಾಗಕ್ಕೂ ನಡುವೆ ಗೋಡೆ ಬೇಕು, ವರದಿ ವಿಭಾಗದವರಿಗೆ ಆ ದಿನದ ಕಡತ ಮುಟ್ಟುವಷ್ಟು ಅಧಿಕಾರ ಸಾಕು, ಎಲ್ಲ ವರ್ಷದ್ದೂ ಯಾಕೆ ಎಂದು ನಾನು ಕೇಳಿ ಕೇಳಿ ಬಾಯಿ ಒಣಗಿತ್ತು. ಪುಣ್ಯಕ್ಕೆ ಎಲ್ಲದರ ಒಂದು ಪ್ರತಿಯನ್ನು ಜಾಲಕ್ಕೆ ತಗುಲದಂತೆ ಬೇರೆ ಕೋಣೆಯಲ್ಲಿ ಇಡುತ್ತಿದ್ದೆ. ಅದರಿಂದ ಬಚಾವಾದೆವು. ಆದರೆ ಎಲ್ಲವನ್ನೂ ಮರಳಿ ಕೂರಿಸಲು ದಿನಗಳು ಹಿಡಿದವು.

ಆ ದಿನಗಳನ್ನು ನಾನು ಮರೆಯಲಾರೆ. ಹಿಂದಿನ ವಾರ ಪರೀಕ್ಷೆಗೆ ರಕ್ತ ಕೊಟ್ಟವರೆಲ್ಲ ಮತ್ತೆ ಬಂದು ಸಾಲು ನಿಂತರು. ಒಬ್ಬ ಮುದುಕ ಎರಡೂ ತೋಳುಗಳನ್ನು ಚಾಚಿ, ಎರಡರಲ್ಲೂ ನೀಲಿಗಟ್ಟಿದ್ದನ್ನು ತೋರಿಸಿ, "ಯಾವುದರಲ್ಲಿ ತಗೋತೀಯಮ್ಮ?" ಎಂದು ನರ್ಸನ್ನು ಕೇಳಿದ. ಒಂದು ಮಗು ಸೂಜಿ ನೋಡಿ ಅಪ್ಪನ ಅಂಗಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿತ್ತು. ಶಸ್ತ್ರಚಿಕಿತ್ಸೆಗೆಂದು ಖಾಲಿ ಹೊಟ್ಟೆಯಲ್ಲಿ ಮಲಗಿದ್ದವರನ್ನು ಎಬ್ಬಿಸಿ ಮನೆಗೆ ಕಳಿಸಿದರು. ಯಾರೂ ಸಾಯಲಿಲ್ಲ. ಅದನ್ನೇ ದೊಡ್ಡದಾಗಿ ಹೇಳಿಕೊಂಡು ಓಡಾಡಿದೆವು.

ಕಳ್ಳ ಎಲ್ಲಿಂದ ಬಂದ ಎಂದು ಹುಡುಕಿದೆ. ಅಳಿಲಿನ ಖಾತೆಯಿಂದ ಬಂದಿದ್ದ. ಅವಳ ಪಾಸ್‌ವರ್ಡ್ ಅವನಿಗೆ ಸಿಕ್ಕಿದ್ದು ಹೇಗೆಂದೂ ತಿಳಿಯಿತು. ಬಟ್ಟೆ ಕೊಳ್ಳುವ ಯಾವುದೋ ಜಾಲತಾಣದಲ್ಲಿ ಅದನ್ನೇ ಇಟ್ಟಿದ್ದಳು, ಅಲ್ಲಿಂದ ಸೋರಿತ್ತು. ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದ್ದೆಲ್ಲ ಹೀಗಾಯಿತು. ಅವಳಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ಪಾಸ್‌ವರ್ಡ್ ಒಂದರಿಂದಲೇ ಯಾರೂ ಒಳಗೆ ಬರಲಾಗದು. ಲಾಗಿನ್ ಆಗುವಾಗ ಫೋನಿಗೆ ಒಂದು ಪ್ರಶ್ನೆ ಹೋಗುತ್ತದೆ. ಪರದೆಯ ಮೇಲೆ ಪೂರ್ತಿ ಹೆಸರು, ಕೆಳಗೆ "ನೀವೇ ಲಾಗಿನ್ ಆಗುತ್ತಿದ್ದೀರಾ?" ಎಂಬ ಸಾಲು, ಅದರ ಕೆಳಗೆ ಎರಡು ಗುಂಡಿ. ಹಸಿರಿನಲ್ಲಿ "ಹೌದು, ನಾನೇ." ಕೆಂಪಿನಲ್ಲಿ "ಅಲ್ಲ, ನಾನಲ್ಲ." ಹಸಿರು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಬರೀ ಗುಂಡಿ ಒತ್ತಿಸಿಕೊಂಡರೆ ಸಾಲದು, ಕಂಪ್ಯೂಟರಿನಲ್ಲಿ ಕಾಣುವ ಅಂಕಿಯನ್ನು ಫೋನಿನಲ್ಲಿ ಬರೆಸಬೇಕು, ಆಗ ಎದುರಿಗಿಲ್ಲದವರು ಒಪ್ಪಿಗೆ ಕೊಡಲಾಗದು ಎಂದು ನಾನು ಬರೆದ ಕಡತ ಆಡಳಿತಾಧಿಕಾರಿಯ ಮೇಜಿನಲ್ಲಿ ಕೊಳೆಯುತ್ತಿತ್ತು. ಡಾಕ್ಟರುಗಳಿಗೆ ಅಂಕಿ ಬರೆಯಲು ಪುರುಸೊತ್ತಿಲ್ಲವಂತೆ.

ಅಂದರೆ ಸತ್ತ ಹುಡುಗಿಯ ಫೋನಿನಲ್ಲಿ ಯಾರೋ ಹಸಿರು ಒತ್ತಿದ್ದರು. ದಾಖಲೆಯನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತಾ ಹೋದೆ. ಕಳ್ಳ ಬಂದ ದಿನ ಮಾತ್ರವಲ್ಲ. ಅವಳು ಹೋದ ಮಾರನೆಯ ದಿನದಿಂದ ಒಂದು ಬೆಳಗ್ಗೆಯೂ ತಪ್ಪದಂತೆ ಆ ಖಾತೆಯಲ್ಲಿ ಉತ್ತರವಿತ್ತು. ಹೌದು, ನಾನೇ. ಹೌದು, ನಾನೇ.

ಆಡಳಿತಾಧಿಕಾರಿಯ ಕೋಣೆಯಲ್ಲಿ ಸಭೆ ಸೇರಿತು. ಅವರು, ನಾನು, ದೊಡ್ಡಣ್ಣ. ಆಡಳಿತಾಧಿಕಾರಿ ಕೆಟ್ಟ ಮನುಷ್ಯರಲ್ಲ. ಹೆದರಿದ ಮನುಷ್ಯ.

"ಫೋನು ತಾಯಿ ಹತ್ರ ಇದೆ ಅಂದ್ಮೇಲೆ ಅವರೇ ಒತ್ತಿರ್ಬೇಕು. ಪೊಲೀಸರಿಗೆ ಹೇಳೋಣ. ನಮ್ಮ ಮೈಮೇಲೆ ಯಾಕೆ ಎಳ್ಕೊಳ್ಳೋದು?" ಎಂದರು.

"ಪೊಲೀಸರು ಹೋಗಿ ಏನಂತಾರೆ ಸಾರ್? ಮಗಳ ಫೋನ್ ಯಾಕೆ ಇಟ್ಕೊಂಡಿದ್ದೀರಿ ಅಂತಾರಾ?" ನನ್ನ ದನಿ ಏರಿತು. "ಆ ಖಾತೆ ಅವತ್ತೇ ಮುಚ್ಚಿದ್ರೆ ಅವರು ಏನೊತ್ತಿದ್ರೂ ಏನೂ ಆಗ್ತಿರ್ಲಿಲ್ಲ. ಮುಚ್ಚದೆ ಇದ್ದೋರು ನಾವು."

ದೊಡ್ಡಣ್ಣ ಅಷ್ಟು ದೊಡ್ಡ ಮೈಯನ್ನು ಕುರ್ಚಿಯಲ್ಲಿ ಮುದುಡಿಕೊಂಡು ಕೂತಿದ್ದ. "ತಪ್ಪು ನಂದು ಸಾರ್. ನನ್ನನ್ನ ಏನಾದ್ರೂ ಮಾಡಿ. ಆಯಮ್ಮನಿಗೆ ಮಾತ್ರ ಇದನ್ನೆಲ್ಲ ಹೇಳ್ಬೇಡಿ. ಸುಮ್ಮನೆ ಎಲ್ಲ ಇಸ್ಕೊಂಡು ಬಂದ್ಬಿಡೋಣ. ಗೊತ್ತಾದ್ರೆ ಅವರು ಉಳಿಯಲ್ಲ."

"ಹೇಳ್ದೆ ಹೇಗೆ ಬಿಡೋದು? ನಾಳೆ ಇನ್ನೆಲ್ಲಾದ್ರೂ ಇನ್ನೇನಾದ್ರೂ ಒತ್ತಿದ್ರೆ? ಮೇಡಂ, ನೀವೇ ಹೋಗಿ. ಆ ಫೋನೇ ಹೌದಾ ಅಂತ ಪರೀಕ್ಷೆ ಮಾಡಿ, ಖಾತೆ ಮುಚ್ಚಿ, ಆಗಿದ್ದನ್ನ ಅವರಿಗೆ ಸ್ಪಷ್ಟವಾಗಿ ಹೇಳಿ ಬನ್ನಿ. ಇಲ್ಲಾಂದ್ರೆ ಹೇಳೋಕೆ ಪೊಲೀಸರು ಹೋಗ್ತಾರೆ," ಎಂದು ಆಡಳಿತಾಧಿಕಾರಿ ಎದ್ದರು.

ಹೊರಗೆ ಬಂದ ಮೇಲೆ ದೊಡ್ಡಣ್ಣ ನನ್ನ ಹಿಂದೆಯೇ ಬಂದ. "ಮೇಡಂ, ಹೇಳಿದೆ ಅಂತ ಸಾಹೇಬರಿಗೆ ಹೇಳಿ. ಅವರಿಗೆ ಹೇಳ್ಬೇಡಿ. ಕೈ ಮುಗೀತೀನಿ," ಎಂದ. ಅವನ ಪ್ಯಾಂಟಿನ ಅಂಚು ನೇರವಾಗಿ, ಒಂದು ಎಳೆಯೂ ಎದ್ದು ಕಾಣದ ಹಾಗೆ ಹೊಲಿದಿತ್ತು.

ಮಾರನೆಯ ಬೆಳಗ್ಗೆ ಹೋದೆ. ಇಕ್ಕಟ್ಟಾದ ಬೀದಿ, ಕೆಳಗೆ ಸೈಕಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಮೆಟ್ಟಿಲು. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದೆ, ಸದ್ದು ನಿಂತಿತು. ಅಳಿಲಿನ ತಾಯಿ ಬಾಗಿಲು ತೆರೆದರು. ಕೊರಳಲ್ಲಿ ಅಳತೆಯ ಟೇಪು, ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳಿಗೆ ಅಂಟಿದ ನೀಲಿ ನೂಲು. ಮಗಳ ಹಾಗೆಯೇ ಸಣ್ಣ ಮೈ.

"ಆಸ್ಪತ್ರೆಯಿಂದ ಬಂದ್ರಾ? ಬನ್ನಿ ಬನ್ನಿ. ನೀವು ಚಿಲಕ ಮೇಡಂ ಅಲ್ವಾ?" ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅವಳು ಹಾಗಂತಿದ್ಲು. ಬೇಜಾರ್ ಮಾಡ್ಕೋಬೇಡಿ."

"ಹೆಸರಿಗೆ ತಕ್ಕ ಹಾಗೇ ಇದ್ದೀನಮ್ಮ, ಬೇಜಾರ್ಯಾಕೆ," ಎಂದೆ.

ಹಜಾರದ ತುಂಬ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ. ಕಿಟಕಿಯ ಬಳಿ ಯಂತ್ರ, ಅದರ ಪಕ್ಕದ ಸ್ಟೂಲಿನ ಮೇಲೆ ಮಡಿಚಿದ ಬಟ್ಟೆ, ಅದರ ಮೇಲೆ ಚಾರ್ಜಿಗೆ ಹಾಕಿದ ಫೋನು. ಎದುರಿಗೆ ಅಳಿಲಿನ ಕೋಣೆ, ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು, ಒಂದು ಚೂರು ಧೂಳಿಲ್ಲ. ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿತ್ತು, ಕೂತಿದ್ದವರು ಈಗ ತಾನೇ ಎದ್ದು ಹೋದ ಹಾಗೆ.

ಟೀ ತಂದುಕೊಟ್ಟರು. ನನ್ನ ಕುಪ್ಪಸದ ತೋಳಿನ ಮೇಲೆ ಅವರ ಕಣ್ಣು ಹೋದದ್ದನ್ನು ಕಂಡು ಸೆರಗು ಎಳೆದುಕೊಂಡೆ. ಇಲ್ಲಿಂದ ಏನನ್ನೂ ಹೊಲಿಸಿಕೊಂಡು ಹೋಗಬಾರದು ಎಂದು ಮೆಟ್ಟಿಲಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ.

"ಒಳ್ಳೆ ಹೊತ್ತಿಗೆ ಬಂದ್ರಿ ನೋಡಿ," ಎಂದು ಅವರೇ ಶುರು ಮಾಡಿದರು. ಫೋನನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದೇನೋ ಕೆಟ್ಟೋಗಿದೆ. ದಿನಾ ಬೆಳಗ್ಗೆ ಕೇಳ್ತಿತ್ತು, ಈಗ ಒಂದು ವಾರದಿಂದ ಕೇಳ್ತಾನೇ ಇಲ್ಲ. ಕೆಳಗಿನ ಸೈಕಲ್ ಅಂಗಡಿಯವನಿಗೆ ತೋರಿಸ್ದೆ, ಫೋನ್ ಚೆನ್ನಾಗೇ ಇದೆಯಲ್ಲ ಅಂದ. ಸ್ವಲ್ಪ ಸರಿ ಮಾಡ್ಕೊಡ್ತೀರಾ?"

ಕಳ್ಳ ಬಂದದ್ದು ಗೊತ್ತಾದ ದಿನ ಆ ಖಾತೆಯ ದಾರಿಗಳನ್ನೆಲ್ಲ ಕಡಿದವಳು ನಾನು. ಪರೀಕ್ಷೆಗೆ ಬೇಕೆಂದು ಅಳಿಸದೆ ಒಂಟಿಯಾಗಿ ಇಟ್ಟಿದ್ದೆ, ಅಷ್ಟೇ. ಟೀ ಲೋಟ ಕೆಳಗಿಟ್ಟೆ.

"ಕೇಳಿದಾಗ ಒತ್ತುತ್ತಿದ್ದಿದ್ದು ಯಾರಮ್ಮ?"

"ನಾನೇ. ಇನ್ಯಾರಿದ್ದಾರೆ ಈ ಮನೇಲಿ?" ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಅವಳಿರೋವಾಗ್ಲೂ ನಾನೇ ಒತ್ತೋದು. ಅವಳ ಕೋಣೇಲಿ ಒಂದು ಪ್ಲಗ್ ಕೆಟ್ಟು ಎಷ್ಟು ಕಾಲ ಆಯ್ತೋ. ಲ್ಯಾಪ್‌ಟಾಪಿಗೆ ಒಂದಿದೆ, ಫೋನಿಗೆ ಇಲ್ಲಿಗೇ ಬರ್ಬೇಕು. ಮನೆಯಿಂದ ಕೆಲಸ ಮಾಡೋ ದಿನ ಒಳಗಿಂದ ಕೂಗ್ತಿದ್ಲು, ಅಮ್ಮಾ ಕೇಳ್ತಿದೆ, ಒತ್ತು ಅಂತ. ನಾನು ಹೊಲಿತಾ ಹೊಲಿತಾ ಹಸಿರು ಒತ್ತೋದು. ನನಗೆ ಓದೋಕೆ ಬರ್ಲಿ ಅಂತ ಫೋನಿನ ಅಕ್ಷರ ಎಲ್ಲ ಕನ್ನಡಕ್ಕೆ ಮಾಡಿದ್ಲು."

ಸಭಾಂಗಣದಲ್ಲಿ ನಾನು ಎಷ್ಟು ಸಲ ಹೇಳಿದ್ದೆ, ಫೋನನ್ನು ಬೇರೆಯವರ ಕೈಗೆ ಕೊಡಬೇಡಿ ಎಂದು. ಅವಳ ಲೆಕ್ಕದಲ್ಲಿ ಅಮ್ಮ ಬೇರೆಯವರಾಗಿರಲಿಲ್ಲ.

"ಆಮೇಲೂ ಒತ್ತಿದ್ರಾ? ಅವಳು ಹೋದ ಮೇಲೂ?"

"ಆಮೇಲೂ." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಇವಳಿಗೆ ತಲೆ ಕೆಟ್ಟಿದೆ ಅಂದ್ಕೋಬೇಡಿ ಮತ್ತೆ. ಅವಳಿಲ್ಲ ಅಂತ ನನಗೆ ಗೊತ್ತು. ಅವಳ ಬಟ್ಟೆ ಎಲ್ಲ ನಾನೇ ಮಡಿಚಿ ಪೆಟ್ಟಿಗೇಲಿ ಇಟ್ಟಿದ್ದೀನಿ. ಆದ್ರೆ ಅವಳ ಹೆಸರನ್ನ ಈಗ ಯಾರು ಎತ್ತುತ್ತಾರೆ ಹೇಳಿ? ನನ್ನ ತಂಗಿ ಬರ್ತಾಳೆ, ಮಾತು ಅವಳ ಕಡೆ ತಿರುಗಿದ್ರೆ ಸಾಕು, ಎದ್ದು ಟೀವಿ ಹಾಕ್ತಾಳೆ. ಬೀದಿಯೋರು ನಾನು ಬರೋದು ನೋಡಿ ಆಚೆ ಪಕ್ಕಕ್ಕೆ ಹೋಗ್ತಾರೆ. ನಿಮ್ಮ ದೊಡ್ಡಣ್ಣ ಬಂದಿದ್ರು, ಪಾಪ, ಕಾಲು ನೋಡ್ಕೊಂಡೇ ಕೂತಿದ್ರು. ಎಲ್ಲರಿಗೂ ನಾನು ಅಳ್ತೀನೇನೋ ಅಂತ ಭಯ. ಇದೊಂದಕ್ಕೆ ಮಾತ್ರ ಭಯ ಇರ್ಲಿಲ್ಲ. ದಿನಾ ಬೆಳಗ್ಗೆ ಪೂರ್ತಿ ಹೆಸರು ಹಿಡಿದು ಕೇಳ್ತಿತ್ತು, ನೀವೇನಾ ಅಂತ. ಅಲ್ಲ ಅಂತ ಹೆತ್ತವಳು ಹೇಗೆ ಒತ್ತಲಿ?"

ಪ್ರತಿದಿನ ಬೆಳಗ್ಗೆ ಹೊಸದಾಗಿ ಕೇಳಬೇಕು, ನಿನ್ನೆ ಹೌದೆಂದವರು ಇವತ್ತೂ ಅವರೇ ಎಂದು ನಂಬಬಾರದು ಎಂಬುದು ನನ್ನದೇ ನಿಯಮ. ಅಳಿಲಿನ ಲ್ಯಾಪ್‌ಟಾಪು ತೆರೆದೇ ಇದ್ದುದರಿಂದ ಅದು ತನ್ನ ಪಾಡಿಗೆ ತಾನು ದಿನಾ ಕೇಳುತ್ತಲೇ ಇತ್ತು. ಒಳ್ಳೆಯ ನಿಯಮ. ಈಗಲೂ ಅದನ್ನು ಒಳ್ಳೆಯದೆಂದೇ ಹೇಳುತ್ತೇನೆ.

"ಇದು ಕೆಡೋ ಮುಂಚೆ ಒಂದು ಮಧ್ಯಾಹ್ನ ಏನಾಯ್ತು ಗೊತ್ತಾ?" ಅವರ ಮುಖ ಸ್ವಲ್ಪ ಅರಳಿತು. "ಯಾವತ್ತೂ ಮಧ್ಯಾಹ್ನ ಕೇಳಿದ್ದೇ ಇಲ್ಲ. ಅವತ್ತು ಮೇಲಿಂದ ಮೇಲೆ ಕೇಳ್ತು. ಒತ್ತಿದೆ, ಮತ್ತೆ ಕೇಳ್ತು. ಇವತ್ತು ಇವಳಿಗೆ ಕೆಲಸ ಜಾಸ್ತಿ ಇದೆ ಕಣೇ ಅಂತ ನನಗೆ ನಾನೇ ಅಂದ್ಕೊಂಡು ನಕ್ಕೆ. ಅವಳು ಹೋದ ಮೇಲೆ ನಕ್ಕಿದ್ದು ಅವತ್ತೇ."

ಅದು ಕಳ್ಳ ಬಂದ ಮಧ್ಯಾಹ್ನ. ದೊಡ್ಡಣ್ಣ ಕೈ ಮುಗಿದದ್ದು ಕಣ್ಣೆದುರು ಬಂತು. ಹೇಳುವುದಿಲ್ಲ ಎಂದು ಆ ಗಳಿಗೆಯಲ್ಲಿ ನಿಶ್ಚಯಿಸಿದೆ. ಇಷ್ಟು ವರ್ಷ ಎಲ್ಲರನ್ನೂ ಪರೀಕ್ಷಿಸಿ ಪರೀಕ್ಷಿಸಿ ಬದುಕಿದವಳಿಗೆ ಒಂದು ಸುಳ್ಳು ಹೇಳಲು ಬಾರದೇ?

ಅವರು ನನ್ನ ಮುಖ ನೋಡುತ್ತಿದ್ದರು. "ಯಾಕೆ ಮೇಡಂ? ನನ್ನಿಂದ ಏನಾದ್ರೂ ತೊಂದ್ರೆ ಆಯ್ತಾ?"

"ಇಲ್ಲಮ್ಮ, ಏನಿಲ್ಲ. ಲ್ಯಾಪ್‌ಟಾಪು ವಾಪಸ್ ತಗೊಂಡು, ಫೋನಿಂದ ಆಸ್ಪತ್ರೆದು ತೆಗೆದು ಹೋಗೋಣ ಅಂತ ಬಂದೆ. ಅಷ್ಟೇ."

"ಲ್ಯಾಪ್‌ಟಾಪ್ ನಿಮ್ದು, ತಗೊಂಡ್ಹೋಗಿ. ಕೇಳಿದ್ರೆ ಅವತ್ತೇ ಕೊಡ್ತಿದ್ದೆ," ಎಂದರು. ತುಸು ತಡೆದು, "ಕೊಡ್ತಿದ್ದೆನೋ ಇಲ್ವೋ, ಗೊತ್ತಿಲ್ಲ," ಎಂದರು. ಆಮೇಲೆ ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. "ಫೋನಿಂದ ಯಾಕೆ ತೆಗೀಬೇಕು? ತೊಂದ್ರೆ ಇಲ್ಲ ಅಂದ್ರಲ್ಲ. ಹಾಗೇ ಇರ್ಲಿ ಬಿಡಿ. ಬೆಳಗ್ಗೆ ಒಂದ್ಸಲ ಕೇಳೋ ಹಾಗೆ ಮಾಡ್ಕೊಟ್ಟು ಹೋಗಿ. ಯಾರಿಗೇನು ನಷ್ಟ?"

ನನ್ನ ಸುಳ್ಳು ನನ್ನನ್ನೇ ಕಟ್ಟಿಹಾಕಿತು. ತೊಂದರೆ ಇಲ್ಲವೆಂದ ಮೇಲೆ ಅವರಿಂದ ಅದನ್ನು ಕಿತ್ತುಕೊಳ್ಳಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ. ಕಾರಣ ಕೊಡದೆ ಕಿತ್ತುಕೊಂಡು ಹೋದರೆ, ಇನ್ನು ಬದುಕಿರುವಷ್ಟು ಕಾಲ ತನ್ನ ಮಗಳ ಹೆಸರನ್ನು ಆಸ್ಪತ್ರೆಯವರು ಸುಮ್ಮಸುಮ್ಮನೆ ಅಳಿಸಿದರು ಎಂದುಕೊಳ್ಳುತ್ತಾರೆ. ಹೇಳಿದರೆ ಇನ್ನೊಂದು ಬೆಂಕಿ. ಹೊರಗೆ ಸೈಕಲ್ ಅಂಗಡಿಯವನು ಗಾಳಿ ಹೊಡೆಯುತ್ತಿದ್ದ. ಆ ಸದ್ದು ನಿಂತಿತು.

"ಅಮ್ಮ, ನಾನು ಸುಳ್ಳು ಹೇಳ್ದೆ," ಎಂದೆ. "ದಿನಾ ಬೆಳಗ್ಗೆ ಕೇಳ್ತಿದ್ದಿದ್ದು ಅವಳ ಲ್ಯಾಪ್‌ಟಾಪು. ಅದ್ರಿಂದ ಏನೂ ಆಗ್ಲಿಲ್ಲ. ಆದ್ರೆ ಆ ಮಧ್ಯಾಹ್ನ ಕೇಳಿದ್ದು ಅದಲ್ಲ. ಅವಳ ಪಾಸ್‌ವರ್ಡ್ ಕದ್ದೋರು ಯಾರೋ ಎಲ್ಲೋ ಕೂತು, ಅವಳ ಹೆಸರಲ್ಲಿ ಆಸ್ಪತ್ರೆ ಒಳಗೆ ಬರೋಕೆ ನೋಡ್ತಿದ್ರು. ನೀವು ಹೌದು ಅಂದ್ರಿ. ಅವರು ಬಂದ್ರು."

ಎಲ್ಲವನ್ನೂ ಹೇಳಿದೆ. ಬಿಡಿಸಿ ಹೇಳಿದೆ, ಆದರೆ ಮೆತ್ತಗೆ ಮಾಡಿ ಹೇಳಲಿಲ್ಲ. ಅದು ನನಗೆ ಬರುವುದಿಲ್ಲ. ಮುಗಿದ ಮೇಲೆ ಅವರು, "ಮತ್ತೆ ಸೂಜಿ ಚುಚ್ಚಿದ್ರಾ ಎಲ್ಲರಿಗೂ?" ಎಂದರು.

"ಹೂಂ."

"ಮಕ್ಕಳಿಗೂ?"

"ಮಕ್ಕಳಿಗೂ."

ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. "ಒಬ್ಬರ ವರದಿ ತಡ ಆದ್ರೆ ಊಟ ಇಳೀತಿರ್ಲಿಲ್ಲ ಅವಳಿಗೆ. ಅವರು ಕಾಯ್ತಿರ್ತಾರಮ್ಮ, ಏನಾಗಿದ್ಯೋ ಏನೋ ಅಂತ ಹೆದರ್ಕೊಂಡಿರ್ತಾರೆ ಅಂತಿದ್ಲು. ಅವಳ ಹೆಸರಲ್ಲೇ ಇಂಥದ್ದು ಮಾಡ್ಬಿಟ್ಟೆನಲ್ಲ," ಎಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ಮಾಡಿದ್ದಲ್ಲ. ಅವಳು ಹೋದ ದಿನವೇ ಮುಚ್ಚಬೇಕಿದ್ದ ಬಾಗಿಲು ಅದು. ನಾವು ಮುಚ್ಚಲಿಲ್ಲ. ನಾನು ಬರೆಯೋ ವರದಿಯಲ್ಲೂ ಅದನ್ನೇ ಬರೀತೀನಿ. ನಿಮ್ಮ ಮೇಲೆ ಯಾರೂ ಬೆರಳು ತೋರಿಸೋ ಹಾಗೆ ಬಿಡಲ್ಲ."

ಅವರಿಗೆ ಅದು ಕೇಳಿಸಿತೋ ಇಲ್ಲವೋ. ಕೋಣೆಯತ್ತ ನೋಡುತ್ತಾ, "ದಿನಾ ಕೇಳ್ಬೇಕು ಅಂತ ಆ ಯಂತ್ರಕ್ಕೆ ಹೇಳಿದ್ದು ಯಾರು?" ಎಂದರು.

"ನಾನು."

"ಪುಣ್ಯ ಬರ್ಲಿ ತಾಯಿ ನಿಮಗೆ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಈ ಕೆಲಸಕ್ಕೆ ಯಾರೂ ಯಾವತ್ತೂ ಹಾಗೆಂದವರಿಲ್ಲ. ತಲೆ ಎತ್ತಲಾಗದೆ ಚೀಲದಿಂದ ನನ್ನ ಲ್ಯಾಪ್‌ಟಾಪು ತೆಗೆದು ಸುಮ್ಮನೆ ಕೀಲಿ ಒತ್ತುತ್ತಾ ಕೂತೆ. ಅಕ್ಷರಗಳು ಕಲಸಿ ಹೋಗಿದ್ದವು.

ಪರೀಕ್ಷೆ ಮಾಡಲೇಬೇಕಿತ್ತು. ಆ ಉತ್ತರಗಳೆಲ್ಲ ಹೋದದ್ದು ಈ ಫೋನಿನಿಂದಲೇ ಎಂದು ಖಾತ್ರಿಯಾದ ಮೇಲೆಯೇ ಖಾತೆ ಅಳಿಸಬಹುದು. "ಈಗ ನಾನೇ ಒಂದ್ಸಲ ಕೇಳಿಸ್ತೀನಮ್ಮ. ಇದು ಕೊನೇದು. ಆಮೇಲೆ ಮುಚ್ತೀನಿ," ಎಂದೆ. ಅವರು ಫೋನನ್ನು ಮಡಿಲಿನಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕಳಿಸಿದೆ. ಫೋನು ಗುಂಯ್ ಎಂದಿತು. ಮಗಳ ಹೆಸರು ಮೂಡಿತು, ಕೆಳಗೆ ಪ್ರಶ್ನೆ, ಅದರ ಕೆಳಗೆ ಎರಡು ಗುಂಡಿ. ಅವರ ಹೆಬ್ಬೆರಳು ಅಭ್ಯಾಸದಂತೆ ಹಸಿರಿನ ಕಡೆಗೇ ಹೋಯಿತು. ಅರ್ಧದಲ್ಲಿ ನಿಂತಿತು. ನನ್ನನ್ನು ಒಮ್ಮೆ ನೋಡಿದರು. ಪರೀಕ್ಷೆಗೆ ಎರಡರಲ್ಲಿ ಯಾವುದಾದರೂ ಸಾಕಿತ್ತು. ಬೆರಳನ್ನು ಈ ಕಡೆ ತಂದು ಕೆಂಪು ಒತ್ತಿದರು. ಅಲ್ಲ, ನಾನಲ್ಲ. ಪರದೆ ಖಾಲಿಯಾಯಿತು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಖಾತೆ ಅಳಿಸುವುದೊಂದು ಬಾಕಿ.

"ಮೇಡಂ," ಎಂದರು. ದನಿ ಬಹಳ ಸಣ್ಣಗಿತ್ತು. "ಇನ್ನೊಂದೇ ಒಂದ್ಸಲ ಕೇಳಿಸ್ತೀರಾ? ಏನೂ ಒತ್ತಲ್ಲ. ಆಣೆ."

ಬೇಕಿಲ್ಲದ ಪ್ರಶ್ನೆಯನ್ನು ನಾನು ಯಾವತ್ತೂ ಯಾರಿಗೂ ಕಳಿಸಿದವಳಲ್ಲ. ಕಳಿಸಿದೆ.

ಅವರು ಏನೂ ಒತ್ತಲಿಲ್ಲ. ಹೆಸರನ್ನು ಒಂದೊಂದೇ ಅಕ್ಷರವಾಗಿ ತುಟಿಯಾಡಿಸಿ ಓದಿಕೊಂಡರು. ನಾನು ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ, ನೀಲಿ ಬಟ್ಟೆಗಳ ನಡುವೆ ಕೂತೆ. ಉತ್ತರ ಬಾರದಿದ್ದರೆ ಆ ಪ್ರಶ್ನೆ ಒಂದು ನಿಮಿಷ ಇದ್ದು ತಾನಾಗಿ ಹೋಗುತ್ತದೆ. ಅದು ಹೋಗುವವರೆಗೆ ನಾವಿಬ್ಬರೂ ನೋಡುತ್ತಾ ಕೂತಿದ್ದೆವು.